ಗಜೇಂದ್ರ ನಾರಾಯಣ ಸಿಂಗ್ ಮತ್ತು ನೇಪಾಳದ ಮಧೇಶ ಪ್ರಶ್ನೆ

1994ರಲ್ಲಿ ನೇಪಾಳದ 205 ಸದಸ್ಯಬಲದ ಪ್ರತಿನಿಧಿ ಸಭೆಗೆ ನಡೆದ ಚುನಾವಣೆಯಲ್ಲಿ ನೇಪಾಳ ಸದ್ಭಾವನಾ ಪಕ್ಷ ಗೆದ್ದದ್ದು ಕೇವಲ ಮೂರು ಸ್ಥಾನಗಳನ್ನು. ಅದಕ್ಕೆ ಮೊದಲು, 1991ರಲ್ಲಿ, ಆರು ಸ್ಥಾನಗಳು ಬಂದಿದ್ದವು. ನಂತರ 1999ರಲ್ಲಿ ಐದು. ಸಂಖ್ಯೆಯ ಲೆಕ್ಕದಲ್ಲಿ ನೋಡಿದರೆ ಇದು ಅಂಚಿನ ಪಕ್ಷ, ಅದರ ಸ್ಥಾಪಕ ಗಜೇಂದ್ರ ನಾರಾಯಣ ಸಿಂಗ್ ಅವರು ಅಂಚಿನ ನಾಯಕ. ಆದರೆ ಆ ಪಕ್ಷ ಮುಂದಿಟ್ಟಿದ್ದ ಬೇಡಿಕೆಗಳ ಪಟ್ಟಿಯಲ್ಲಿ ಸಂಯುಕ್ತ ರಾಜ್ಯ ವ್ಯವಸ್ಥೆ, ದಕ್ಷಿಣದ ಬಯಲಾದ ತರಾಯಿಯ ಜನರಿಗೆ ಪೌರತ್ವ, ಸರ್ಕಾರಿ ನೌಕರಿಯಲ್ಲಿ ಮೀಸಲು, ಸೇನೆಯಲ್ಲಿ ಪ್ರವೇಶ, ಭಾಷೆಗೆ ಮನ್ನಣೆ, ಜನಸಂಖ್ಯೆಗೆ ಅನುಗುಣವಾದ ಕ್ಷೇತ್ರ ವಿಂಗಡಣೆ ಎಲ್ಲವೂ ಇದ್ದವು. ಇವುಗಳಲ್ಲಿ ಹೆಚ್ಚಿನವು ಅವರು ತೀರಿಕೊಂಡ ಹದಿನೈದು ವರ್ಷಗಳೊಳಗೆ ಒಂದಲ್ಲ ಒಂದು ರೂಪದಲ್ಲಿ ಕಾನೂನಿನ ಪುಸ್ತಕ ಸೇರಿದವು. ಅವರು ಬದುಕಿದ್ದಾಗ ಒಂದೂ ಸೇರಲಿಲ್ಲ. ಹೀಗೇಕಾಯಿತು ಎಂಬುದನ್ನು ಅರ್ಥ ಮಾಡಿಕೊಂಡರೆ, ಹೊರಗಿನವರಿಗೆ ಗೋಜಲಾಗಿ ಕಾಣುವ ನೇಪಾಳದ ಮಧೇಶ ಪ್ರಶ್ನೆಯೂ ಬಹುಮಟ್ಟಿಗೆ ತಿಳಿಯಾಗುತ್ತದೆ.

ಮೊದಲು ನೆಲದ ವಿಷಯ. ನೇಪಾಳವೆಂದರೆ ನಮ್ಮ ಕಣ್ಣಿಗೆ ಬರುವುದು ಹಿಮಾಲಯ. ಆದರೆ ಆ ದೇಶದ ದಕ್ಷಿಣದ ಅಂಚಿನಲ್ಲಿ, ಬಿಹಾರ ಮತ್ತು ಉತ್ತರ ಪ್ರದೇಶಗಳಿಗೆ ತಾಗಿಕೊಂಡು, ಪೂರ್ವದಿಂದ ಪಶ್ಚಿಮಕ್ಕೆ ಚಾಚಿಕೊಂಡಿರುವ ಸಪಾಟಾದ ಬಯಲು ಪಟ್ಟಿಯೊಂದಿದೆ. ಅದೇ ತರಾಯಿ, ಅಥವಾ ಮಧೇಶ. ಭತ್ತ, ಕಬ್ಬು, ಮಾವು ಬೆಳೆಯುವ ಈ ಬಯಲೇ ನೇಪಾಳದ ಕಣಜ. 2001ರ ಜನಗಣತಿಯ ಹೊತ್ತಿಗೆ ದೇಶದ ಶೇ. 48ರಷ್ಟು ಜನ ಇಲ್ಲಿದ್ದರು. ಇಲ್ಲಿನ ಮೂಲ ವಾಸಿಗಳಲ್ಲಿ ಮೈಥಿಲಿ, ಭೋಜಪುರಿ, ಅವಧಿ ಮಾತನಾಡುವವರಿದ್ದಾರೆ, ತಮ್ಮದೇ ಭಾಷೆಯುಳ್ಳ ಥಾರು ಸಮುದಾಯವಿದೆ, ಮುಸ್ಲಿಮರಿದ್ದಾರೆ. ಬೆಟ್ಟದಿಂದ ಬಂದು ನೆಲೆಸಿದವರಿಂದ ಪ್ರತ್ಯೇಕಿಸಿ ಹೇಳುವಾಗ ಬಯಲಿನ ಈ ಜನರನ್ನು ಮಧೇಶಿಗಳೆನ್ನುತ್ತಾರೆ. ಥಾರುಗಳಲ್ಲಿ ಅನೇಕರು ಆ ಹೆಸರಿನಡಿ ಬರಲು ಒಪ್ಪುವುದಿಲ್ಲವೆಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಗಡಿಯಾಚೆಯ ಊರುಗಳೊಡನೆ ಇವರದು ಹೆಣ್ಣು ಕೊಟ್ಟು ತರುವ ಸಂಬಂಧ. 1816ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಆದ ಸುಗೌಲಿ ಒಪ್ಪಂದದ ನಂತರ ಮಿಥಿಲೆಯೆಂಬ ಒಂದೇ ಸಾಂಸ್ಕೃತಿಕ ಪ್ರದೇಶದ ನಡುವೆ ಗಡಿ ಗಟ್ಟಿಯಾಯಿತೇ ಹೊರತು ಬಂಧುತ್ವ ಕಡಿಯಲಿಲ್ಲ.

ಈ ಬಂಧುತ್ವವೇ ಕಠ್ಮಂಡುವಿನ ಕಣ್ಣಿಗೆ ಸಂಶಯವಾಗಿ ಕಂಡಿತು. ಬಯಲಿನ ಮನುಷ್ಯ ಭಾರತೀಯನೋ ನೇಪಾಳಿಯೋ ಎಂಬ ಪ್ರಶ್ನೆ ಆಡಳಿತದ ಪ್ರತಿ ಮೇಜಿನ ಮೇಲೂ ಇತ್ತು. ಗಜೇಂದ್ರ ನಾರಾಯಣ ಸಿಂಗ್ ಅವರ ರಾಜಕೀಯ ಜೀವನವನ್ನು ರೂಪಿಸಿದ್ದೇ ಆ ಪ್ರಶ್ನೆ.

ಅವರು ತರಾಯಿಯ ಪೂರ್ವ ಭಾಗದ ಸಪ್ತರಿ ಜಿಲ್ಲೆಯವರು. ಭಾರತದ ಗಡಿಗೆ ಹತ್ತಿರದ ಕೋಯಿಲಾಡಿ ಅವರ ಊರು. ಜಿಲ್ಲಾ ಕೇಂದ್ರ ರಾಜವಿರಾಜ್. ಅವರ ರಾಜಕೀಯ ಆರಂಭವಾದದ್ದು ಪ್ರಾದೇಶಿಕ ಪಕ್ಷದಲ್ಲಲ್ಲ, ನೇಪಾಳಿ ಕಾಂಗ್ರೆಸ್ಸಿನಲ್ಲಿ ಎಂಬುದು ಮುಖ್ಯ. ಅವರಿಗೆ ಮೊದಲೇ ಮಧೇಶದ ಹೆಸರಿನಲ್ಲಿ ಪಕ್ಷ ಕಟ್ಟಲು ಹೊರಟವರಿದ್ದರು. ವೇದಾನಂದ ಝಾ ಅವರು 1951ರಲ್ಲಿ ತರಾಯಿ ಕಾಂಗ್ರೆಸ್ ಸ್ಥಾಪಿಸಿ, ಸ್ವಾಯತ್ತ ತರಾಯಿ ರಾಜ್ಯ, ಹಿಂದಿಗೆ ಮಾನ್ಯತೆ, ನೌಕರಿಯಲ್ಲಿ ನ್ಯಾಯವಾದ ಪಾಲು ಕೇಳಿದ್ದರು. ಶಾಲೆಗಳಲ್ಲಿ ನೇಪಾಳಿಯೇ ಬೋಧನಾ ಮಾಧ್ಯಮವಾಗಬೇಕೆಂಬ ಸರ್ಕಾರದ ಆದೇಶದ ವಿರುದ್ಧ 1957ರಲ್ಲಿ ತರಾಯಿಯಲ್ಲಿ ಹಿಂದಿ ಉಳಿಸುವ ಚಳವಳಿಯೂ ನಡೆಯಿತು. ಆದರೆ 1959ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ತರಾಯಿ ಕಾಂಗ್ರೆಸ್ ಒಂದೂ ಸ್ಥಾನ ಗೆಲ್ಲಲಿಲ್ಲ; 109ರಲ್ಲಿ 74 ಸ್ಥಾನ ಪಡೆದ ನೇಪಾಳಿ ಕಾಂಗ್ರೆಸ್ ಬಯಲಿನಲ್ಲೂ ಮೇಲುಗೈ ಸಾಧಿಸಿತು. ವೇದಾನಂದ ಝಾ ಅವರು ಮುಂದೆ ರಾಜನ ವ್ಯವಸ್ಥೆಯೊಳಗೆ ಸೇರಿ ಸಚಿವರೂ ಭಾರತಕ್ಕೆ ರಾಯಭಾರಿಯೂ ಆದರು. ಪ್ರಜಾಪ್ರಭುತ್ವ ಬಂದರೆ ಮಧೇಶದ ದುಃಖವೂ ತಾನಾಗಿಯೇ ನೀಗುತ್ತದೆ, ಅದಕ್ಕೆ ಬೇರೆ ಪಕ್ಷ ಬೇಡ ಎಂಬುದು ಆ ಕಾಲದ ಬಹುಪಾಲು ಮಧೇಶಿ ಕಾರ್ಯಕರ್ತರ ನಂಬಿಕೆಯಾಗಿತ್ತು.

1960ರ ಡಿಸೆಂಬರಿನಲ್ಲಿ ರಾಜ ಮಹೇಂದ್ರ ಅವರು ಬಿ.ಪಿ. ಕೊಯಿರಾಲಾ ಅವರ ಚುನಾಯಿತ ಸರ್ಕಾರವನ್ನು ವಜಾ ಮಾಡಿ, ಪ್ರಧಾನಿಯನ್ನು ಸೆರೆಗೆ ಹಾಕಿ, ಪಕ್ಷಗಳನ್ನೆಲ್ಲ ನಿಷೇಧಿಸಿದರು. ನೇಪಾಳಿ ಕಾಂಗ್ರೆಸ್ಸಿನ ನೂರಾರು ಕಾರ್ಯಕರ್ತರಂತೆ ಗಜೇಂದ್ರ ನಾರಾಯಣ ಸಿಂಗ್ ಅವರೂ ಗಡಿ ದಾಟಿ, ಹಲವು ವರ್ಷ ಭಾರತದಲ್ಲಿ ದೇಶಾಂತರಿಯಾಗಿ ಬದುಕಿದರು. ಇತ್ತ ನೇಪಾಳದಲ್ಲಿ ಪಕ್ಷವಿಲ್ಲದ ಪಂಚಾಯತ್ ವ್ಯವಸ್ಥೆ ಬೇರೂರಿತು. ಒಂದೇ ಭಾಷೆ, ಒಂದೇ ವೇಷ, ಒಬ್ಬನೇ ರಾಜ, ಒಂದೇ ದೇಶ ಎಂಬುದು ಅದರ ಘೋಷಣೆ. ಭಾಷೆಯೆಂದರೆ ನೇಪಾಳಿ, ವೇಷವೆಂದರೆ ಬೆಟ್ಟದವರ ದೌರಾ, ಸುರುವಾಲ್ ಮತ್ತು ಟೋಪಿ. ಧೋತಿಯುಟ್ಟು ಮೈಥಿಲಿ ಮಾತನಾಡುವವನಿಗೆ ಆ ಚಿತ್ರದಲ್ಲಿ ಜಾಗವಿರಲಿಲ್ಲ.

ಇದಕ್ಕಿಂತ ಆಳವಾದ ಗಾಯ ಮಾಡಿದ್ದು ಪೌರತ್ವ ಕಾನೂನು. 1962ರ ಸಂವಿಧಾನ ಮತ್ತು 1964ರ ಪೌರತ್ವ ಕಾಯ್ದೆಗಳು ಪೌರತ್ವ ಬಯಸುವವರನ್ನು ನೇಪಾಳಿ ಮೂಲದವರು, ಅಲ್ಲದವರು ಎಂದು ಎರಡು ಭಾಗ ಮಾಡಿದವು. ನೇಪಾಳಿ ಮೂಲದವರಿಗೆ ಎರಡು ವರ್ಷದ ವಾಸ ಸಾಕಿತ್ತು. ಉಳಿದವರಿಗೆ ಹನ್ನೆರಡು ವರ್ಷ ಬೇಕಿತ್ತು, ಜೊತೆಗೆ ರಾಷ್ಟ್ರಭಾಷೆಯನ್ನು ಓದಿ ಬರೆಯಲು ಬರಬೇಕಿತ್ತು. ಯಾರದು ನೇಪಾಳಿ ಮೂಲ ಎಂಬುದನ್ನು ತೀರ್ಮಾನಿಸುವವರು ಕಚೇರಿಯಲ್ಲಿ ಕುಳಿತ ಅಧಿಕಾರಿಗಳು, ಅವರಲ್ಲಿ ಬಹುತೇಕರು ಬೆಟ್ಟದವರು.

ಸಪ್ತರಿಯ ಒಬ್ಬ ಗೇಣಿದಾರನ ಸ್ಥಿತಿಯನ್ನು ಊಹಿಸಿಕೊಂಡರೆ ಇದರ ಪರಿಣಾಮ ಗೊತ್ತಾಗುತ್ತದೆ. ಅಜ್ಜನ ಕಾಲದಿಂದ ಅವನು ಅದೇ ಹೊಲ ಉಳುತ್ತಿದ್ದಾನೆ, ಆದರೆ ಹೊಲ ಜಮೀನ್ದಾರನ ಹೆಸರಿನಲ್ಲಿದೆ. ಪೌರತ್ವದ ಪ್ರಮಾಣಪತ್ರ, ಅಂದರೆ ಅಲ್ಲಿನ ಮಾತಿನಲ್ಲಿ ನಾಗರಿಕತಾ, ಬೇಕೆಂದು ಜಿಲ್ಲಾ ಕಚೇರಿಗೆ ಹೋದರೆ ತಂದೆಯ ನಾಗರಿಕತಾ ತೋರಿಸು ಎನ್ನುತ್ತಾರೆ. ತಂದೆ ಅದನ್ನು ಮಾಡಿಸಿರಲಿಲ್ಲ. ಹಾಗಾದರೆ ಜಮೀನಿನ ದಾಖಲೆ ತೋರಿಸು ಎನ್ನುತ್ತಾರೆ. ಜಮೀನನ್ನು ತನ್ನ ಹೆಸರಿಗೆ ನೋಂದಾಯಿಸಲು ನಾಗರಿಕತಾ ಬೇಕು. ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ತಾ ಎನ್ನುತ್ತಾರೆ; ಶಿಫಾರಸು ಮಾಡಬೇಕಾದವನು ಅದೇ ಜಮೀನ್ದಾರನೋ ಅವನ ಬಂಧುವೋ ಆಗಿರುತ್ತಾನೆ, ಗೇಣಿದಾರನಿಗೆ ಕಾಗದ ಸಿಕ್ಕರೆ ನಾಳೆ ಹೊಲ ಕೇಳಿಯಾನೆಂಬ ಭಯ ಅವನಿಗೆ. ಕೊನೆಗೂ ಅಧಿಕಾರಿಯ ಮುಂದೆ ನಿಂತಾಗ ನೇಪಾಳಿ ಮಾತನಾಡು ಎನ್ನುತ್ತಾರೆ. ಅವನಿಗೆ ಬರುವುದು ಮೈಥಿಲಿ. ಕಾಗದವಿಲ್ಲದೆ ನೌಕರಿಯಿಲ್ಲ, ಪಾಸ್‌ಪೋರ್ಟ್ ಇಲ್ಲ. ಮಕ್ಕಳಿಗೂ ಅದೇ ಗತಿ, ಏಕೆಂದರೆ ಅವರೂ ತಂದೆಯ ಕಾಗದವನ್ನೇ ತೋರಿಸಬೇಕು. ಹೀಗೆ ಒಂದು ತಲೆಮಾರಿನ ಕೊರತೆ ಮುಂದಿನ ತಲೆಮಾರಿಗೆ ಆಸ್ತಿಯಂತೆ ದಾಟಿತು. 1990ರ ದಶಕದ ಮಧ್ಯದಲ್ಲಿ ಸರ್ಕಾರವೇ ನೇಮಿಸಿದ ಧನಪತಿ ಆಯೋಗ ದೇಶದಲ್ಲಿ ಸುಮಾರು 34 ಲಕ್ಷ ಜನರ ಬಳಿ ನಾಗರಿಕತಾ ಇಲ್ಲವೆಂದು ಅಂದಾಜಿಸಿತು.

ಗಜೇಂದ್ರ ನಾರಾಯಣ ಸಿಂಗ್ ಅವರು ದೇಶಕ್ಕೆ ಮರಳಿದ ಮೇಲೆ ಈ ಕಿಡಿಗೆ ಗಾಳಿ ಬೀಸಿದ್ದು 1983ರ ಒಂದು ವರದಿ. ವಲಸೆಯ ಕುರಿತು ಅಧ್ಯಯನ ಮಾಡಲು ರಾಷ್ಟ್ರೀಯ ಜನಸಂಖ್ಯಾ ಆಯೋಗ ನೇಮಿಸಿದ್ದ, ಭೂಗೋಳ ತಜ್ಞ ಹರ್ಕ ಗುರುಂಗ್ ಅವರ ನೇತೃತ್ವದ ಕಾರ್ಯತಂಡವು ಭಾರತದಿಂದ ಬರುವ ವಲಸೆಯನ್ನು ಬಿಗಿಯಾಗಿ ನಿಯಂತ್ರಿಸಬೇಕೆಂದು ಶಿಫಾರಸು ಮಾಡಿತು. ವಲಸೆಯ ಬಗ್ಗೆ ಯೋಚಿಸುವ ಹಕ್ಕು ಯಾವ ದೇಶಕ್ಕೂ ಇದೆ. ಆದರೆ ಬಂದವರು ಯಾರು, ಇದ್ದವರು ಯಾರು ಎಂದು ಗುರುತಿಸುವ ದಾಖಲೆಯೇ ಇಲ್ಲದ ಕಡೆ ಅಂತಹ ಶಿಫಾರಸು ತಮ್ಮೆಲ್ಲರನ್ನೂ ಹೊರಗಿನವರನ್ನಾಗಿ ಮಾಡುತ್ತದೆ ಎಂದು ಮಧೇಶಿಗಳು ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ವರ್ಷ ಗಜೇಂದ್ರ ನಾರಾಯಣ ಸಿಂಗ್ ಅವರು ನೇಪಾಳ ಸದ್ಭಾವನಾ ಪರಿಷತ್ತನ್ನು ಕಟ್ಟಿದರು. ಪಕ್ಷಗಳಿಗೆ ನಿಷೇಧವಿದ್ದುದರಿಂದ ಅದು ಪಕ್ಷವಾಗಿರಲಿಲ್ಲ, ಒಂದು ಸಾಂಸ್ಕೃತಿಕ ಸಂಘಟನೆಯಂತಿತ್ತು.

1986ರಲ್ಲಿ ಅವರು ಪಂಚಾಯತ್ ವ್ಯವಸ್ಥೆಯ ಶಾಸನಸಭೆಯಾದ ರಾಷ್ಟ್ರೀಯ ಪಂಚಾಯತ್‌ಗೆ ಆಯ್ಕೆಯಾದರು. ನೇಪಾಳಿ ಕಾಂಗ್ರೆಸ್ ಆ ಚುನಾವಣೆಯನ್ನು ಬಹಿಷ್ಕರಿಸಿತ್ತು. ಅವರು ಬಹಿಷ್ಕಾರದ ದಾರಿ ಬಿಟ್ಟು ಸಭೆಯೊಳಗೆ ಹೋಗಿ ಮಾತನಾಡುವ ದಾರಿ ಹಿಡಿದರು. ಸಭೆಗೆ ಅವರು ಬಂದದ್ದು ಧೋತಿ ಕುರ್ತಾದಲ್ಲಿ, ಮಾತನಾಡಿದ್ದು ಹಿಂದಿಯಲ್ಲಿ. ದೌರಾ ಸುರುವಾಲ್ ಕಡ್ಡಾಯವೆಂಬಂತಿದ್ದ, ರಾಜಭಕ್ತಿಯೇ ಸಭ್ಯತೆಯ ಅಳತೆಯಾಗಿದ್ದ ಆ ಸಭಾಂಗಣದಲ್ಲಿ ಇದು ಸಣ್ಣ ವಿಷಯವಾಗಿರಲಿಲ್ಲ. ಕಠ್ಮಂಡುವಿನ ಬೀದಿಗಳಲ್ಲಿ ಧೋತಿ ಎಂಬುದನ್ನೇ ಮಧೇಶಿಗಳನ್ನು ಮೂದಲಿಸುವ ಬೈಗುಳವಾಗಿ ಬಳಸುತ್ತಿದ್ದರು. ಬೈಗುಳವಾಗಿದ್ದ ಉಡುಪನ್ನೇ ಉಟ್ಟು ದೇಶದ ಅತ್ಯುನ್ನತ ಸಭೆಯಲ್ಲಿ ಕುಳಿತ ಆ ಧೈರ್ಯವನ್ನು ಬಯಲಿನ ಜನ ಮರೆಯಲಿಲ್ಲ. ಇಂದಿಗೂ ಅವರ ಬಗ್ಗೆ ಮಾತು ಬಂದರೆ ಮೊದಲು ಹೇಳುವುದು ಇದನ್ನೇ.

ಹಿಂದಿಯ ವಿಷಯದಲ್ಲಿ ಅವರ ನಿಲುವು ವಿವಾದದಿಂದ ಮುಕ್ತವಾಗಿರಲಿಲ್ಲ. ಮೈಥಿಲಿ ನೇಪಾಳದ ಎರಡನೆಯ ಅತಿ ದೊಡ್ಡ ಭಾಷೆ, ಸುಮಾರು ಶೇ. 12ರಷ್ಟು ಜನರ ಮಾತೃಭಾಷೆ. ಹಿಂದಿಯನ್ನು ಮನೆಮಾತೆಂದು ಜನಗಣತಿಯಲ್ಲಿ ಬರೆಸುವವರು ಬಹಳ ಕಡಿಮೆ. ಹೀಗಿರುವಾಗ ಹಿಂದಿಗಾಗಿ ಹೋರಾಡುವುದು ಮೈಥಿಲಿ, ಭೋಜಪುರಿಗಳಿಗೆ ಅನ್ಯಾಯವಲ್ಲವೇ ಎಂದು ಮಧೇಶದೊಳಗೇ ಕೇಳಿದವರಿದ್ದರು. ಭಾರತದ ಭಾಷೆಯನ್ನು ತರುತ್ತಿದ್ದಾರೆ ಎಂಬ ಆರೋಪ ಕಠ್ಮಂಡುವಿನಿಂದ ಬಂತು. ಮೈಥಿಲಿಯವನು ಅವಧಿಯವನೊಡನೆ, ಭೋಜಪುರಿಯವನು ಥಾರುವಿನೊಡನೆ ಮಾತನಾಡುವಾಗ ಬಳಸುವ ಸಂಪರ್ಕ ಭಾಷೆ ಹಿಂದಿ ಎಂಬುದು ಸದ್ಭಾವನಾ ಪಕ್ಷದ ಸಮರ್ಥನೆ. ಸಂತೆಯಲ್ಲಿ ಅದು ನಿಜವೇ ಆಗಿದ್ದರೂ, ರಾಜಕೀಯವಾಗಿ ಹಿಂದಿಯ ಬೇಡಿಕೆ ಎದುರಾಳಿಗಳ ಕೈಗೆ ಆಯುಧ ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ. ಪೌರತ್ವದಂತಹ ಅಲ್ಲಗಳೆಯಲಾಗದ ನ್ಯಾಯದ ಬೇಡಿಕೆಯನ್ನೂ ಅದರ ನೆರಳಿನಲ್ಲಿ ವಿದೇಶಿ ಹಿತಾಸಕ್ತಿಯೆಂದು ತಳ್ಳಿಹಾಕಲು ಅನುಕೂಲವಾಯಿತು.

1990ರ ಜನಾಂದೋಲನ ಪಂಚಾಯತ್ ವ್ಯವಸ್ಥೆಯನ್ನು ಕೊನೆಗೊಳಿಸಿತು. ಪರಿಷತ್ತು ನೇಪಾಳ ಸದ್ಭಾವನಾ ಪಕ್ಷವಾಯಿತು. ಆದರೆ ಹೊಸ ಸಂವಿಧಾನದೊಳಗೆ ಪ್ರಾದೇಶಿಕ ಪಕ್ಷಕ್ಕೆ ದಾರಿ ಕಿರಿದಾಗಿತ್ತು. ಧರ್ಮ, ಸಮುದಾಯ, ಜಾತಿ, ಬುಡಕಟ್ಟು ಅಥವಾ ಪ್ರದೇಶದ ಆಧಾರದ ಮೇಲೆ ಕಟ್ಟಿದ ಪಕ್ಷಕ್ಕೆ ಚುನಾವಣಾ ಆಯೋಗ ಮಾನ್ಯತೆ ಕೊಡಬಾರದೆಂಬ ವಿಧಿ ಅದರಲ್ಲಿತ್ತು. ಆದ್ದರಿಂದ ಬಯಲಿನ ಹಕ್ಕಿಗಾಗಿಯೇ ಹುಟ್ಟಿದ ಪಕ್ಷ ತಾನು ಇಡೀ ದೇಶದ ಪಕ್ಷವೆಂದು ಹೇಳಿಕೊಂಡು ನಡೆಯಬೇಕಾಯಿತು. ಇನ್ನೊಂದು ವಿಧಿಯ ಪ್ರಕಾರ ಚಲಾಯಿತ ಮತಗಳಲ್ಲಿ ಶೇ. 3 ಪಡೆಯದ ಪಕ್ಷಕ್ಕೆ ಮಾನ್ಯತೆಯಿಲ್ಲ. ಸದ್ಭಾವನಾ ಪಕ್ಷಕ್ಕೆ 1991ರಲ್ಲಿ ಶೇ. 4ಕ್ಕಿಂತ ತುಸು ಹೆಚ್ಚು, ನಂತರದ ಎರಡು ಚುನಾವಣೆಗಳಲ್ಲಿ ಶೇ. 3ಕ್ಕಿಂತ ತುಸು ಹೆಚ್ಚು ಮತ ಸಿಕ್ಕಿತು. ಪ್ರತಿ ಚುನಾವಣೆಯೂ ಆ ಪಕ್ಷಕ್ಕೆ ಉಳಿವಿನ ಪರೀಕ್ಷೆಯೇ ಆಗಿತ್ತು.

ಮೇಲಾಗಿ ಕ್ಷೇತ್ರಗಳ ಹಂಚಿಕೆಯಲ್ಲೇ ಬಯಲಿಗೆ ಕೊರತೆಯಿತ್ತು. ಪ್ರತಿ ಜಿಲ್ಲೆಗೂ ಕನಿಷ್ಠ ಒಂದು ಸ್ಥಾನವೆಂಬ ನಿಯಮದಿಂದಾಗಿ ಹಿಮಾಲಯದ ಮಡಿಲಿನ ಮನಾಂಗ್ ಜಿಲ್ಲೆಯ ಆರು ಸಾವಿರಕ್ಕೂ ಕಡಿಮೆ ಜನರಿಗೆ ಒಬ್ಬ ಸಂಸದ ಸಿಗುತ್ತಿದ್ದರೆ, ತರಾಯಿಯ ಒಂದು ಕ್ಷೇತ್ರದಲ್ಲಿ ಲಕ್ಷದ ಆಚೀಚೆ ಜನರಿರುತ್ತಿದ್ದರು. ದೇಶದ ಅರ್ಧಕ್ಕೆ ಹತ್ತಿರದ ಜನರಿರುವ ಬಯಲಿಗೆ 205ರಲ್ಲಿ 88 ಸ್ಥಾನ. ಅವುಗಳಲ್ಲೂ ಬೆಟ್ಟದಿಂದ ಬಂದು ನೆಲೆಸಿದವರೇ ನಿರ್ಣಾಯಕರಾಗಿದ್ದ ಕ್ಷೇತ್ರಗಳು ಅನೇಕ. 1950ರ ದಶಕದಿಂದ ಮಲೇರಿಯಾ ನಿರ್ಮೂಲನೆಯಾದಂತೆ, ಕಾಡು ಕಡಿದಂತೆ ಬಯಲಿಗೆ ಬೆಟ್ಟದ ಜನರ ದೊಡ್ಡ ವಲಸೆ ನಡೆದಿತ್ತು.

ಇಲ್ಲಿ ಗಂಟು ಎಲ್ಲಿದೆ ಎಂಬುದು ಕಾಣುತ್ತದೆ. ಪೌರತ್ವದ ಕಾನೂನು ತಿದ್ದಲು ಸಂಸತ್ತಿನಲ್ಲಿ ಬಲ ಬೇಕು. ಬಲ ಬರಲು ಕ್ಷೇತ್ರಗಳು ಜನಸಂಖ್ಯೆಗೆ ತಕ್ಕಂತೆ ಇರಬೇಕು. ಕ್ಷೇತ್ರಗಳ ನಿಯಮ ಇರುವುದು ಸಂವಿಧಾನದಲ್ಲಿ. ಅದನ್ನು ತಿದ್ದಲು ಮೂರನೆಯ ಎರಡರಷ್ಟು ಬಹುಮತ ಬೇಕು. ಈ ಸರಪಳಿಯನ್ನು ಮೂರು ಅಥವಾ ಆರು ಸ್ಥಾನಗಳ ಪಕ್ಷ ಎಲ್ಲಿಂದ ಹಿಡಿದು ಎಳೆದರೂ ಕಡಿಯುವಂತಿರಲಿಲ್ಲ. ಗಜೇಂದ್ರ ನಾರಾಯಣ ಸಿಂಗ್ ಅವರ ವೈಫಲ್ಯವೆಂದು ಹೇಳಲಾಗುವುದರಲ್ಲಿ ಹೆಚ್ಚಿನ ಪಾಲು ಈ ರಚನೆಯದು.

ಪೂರ್ತಿ ರಚನೆಯದೇ ಎಂದು ಮಾತ್ರ ಹೇಳಲಾಗದು. 1994ರ ನಂತರ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. 1995ರ ಸೆಪ್ಟೆಂಬರಿನಲ್ಲಿ ಶೇರ್ ಬಹಾದುರ್ ದೇವುಬಾ ಅವರು ಪ್ರಧಾನಿಯಾದಾಗ ಅವರ ನೇಪಾಳಿ ಕಾಂಗ್ರೆಸ್ಸಿಗೆ 83 ಸ್ಥಾನ, ಜೊತೆಗಿದ್ದ ರಾಷ್ಟ್ರೀಯ ಪ್ರಜಾತಂತ್ರ ಪಕ್ಷಕ್ಕೆ 20. ಕೂಡಿಸಿದರೆ 103, ಅಂದರೆ ಬಹುಮತದ ಗೆರೆಯ ಮೇಲೆ ಸರಿಯಾಗಿ ನಿಂತ ಸಂಖ್ಯೆ. ಸದ್ಭಾವನಾ ಪಕ್ಷದ ಮೂವರು ಸೇರಿದರಷ್ಟೇ ಸರ್ಕಾರಕ್ಕೆ ಉಸಿರಾಡಲು ಜಾಗ. 1997ರಲ್ಲಿ ಲೋಕೇಂದ್ರ ಬಹಾದುರ್ ಚಂದ್ ಅವರ ಸರ್ಕಾರಕ್ಕೂ, ಅದು ಬಿದ್ದ ಮೇಲೆ ಸೂರ್ಯ ಬಹಾದುರ್ ಥಾಪಾ ಅವರ ಸರ್ಕಾರಕ್ಕೂ ಆ ಪಕ್ಷ ಬೇಕಾಯಿತು. ಗಜೇಂದ್ರ ನಾರಾಯಣ ಸಿಂಗ್ ಅವರು ಹೀಗೆ ಒಂದಕ್ಕಿಂತ ಹೆಚ್ಚು ಬಾರಿ ಸಚಿವರಾದರು. ಎಡಪಕ್ಷ ಬೆಂಬಲಿಸಿದ ಸರ್ಕಾರ, ಕಾಂಗ್ರೆಸ್ ಸರ್ಕಾರ, ಹಳೆಯ ಪಂಚಾಯತ್ ಧುರೀಣರ ಸರ್ಕಾರ ಎಲ್ಲದರಲ್ಲೂ ಸದ್ಭಾವನಾ ಪಕ್ಷಕ್ಕೆ ಪಾಲು ಸಿಕ್ಕಿತು. ನಾಗರಿಕತಾ ಇಲ್ಲದವನ ಸ್ಥಿತಿ ಇದ್ದಲ್ಲೇ ಇತ್ತು. ಇಷ್ಟು ಬೆಲೆಬಾಳುವ ಮೂರು ಸ್ಥಾನಗಳಿಗೆ ಪ್ರತಿಯಾಗಿ ಒಂದು ಪೌರತ್ವ ಮಸೂದೆಯನ್ನಾದರೂ ಷರತ್ತಾಗಿ ಇಡಬಹುದಿತ್ತಲ್ಲವೇ ಎಂದು ಮುಂದಿನ ತಲೆಮಾರಿನ ಮಧೇಶಿ ಯುವಕರು ಕೇಳಿದ ಪ್ರಶ್ನೆಗೆ ಸಮಾಧಾನಕರ ಉತ್ತರವಿಲ್ಲ. ಅಧಿಕಾರದಲ್ಲಿದ್ದರೆ ಜಿಲ್ಲೆಗೆ ಏನಾದರೂ ಮಾಡಬಹುದೆಂಬುದು ಸಣ್ಣ ಪಕ್ಷಗಳ ಸಾಮಾನ್ಯ ಲೆಕ್ಕಾಚಾರ. ರಾಜವಿರಾಜ್‌ನ ಆಸ್ಪತ್ರೆಗೂ ಅಲ್ಲಿನ ಕೈಗಾರಿಕಾ ಪ್ರದೇಶಕ್ಕೂ ಇಂದು ಅವರ ಹೆಸರಿದೆ.

ಅವರ ಕೊನೆಯ ವರ್ಷಗಳು ಬಯಲಿಗೆ ಕಹಿಯಾಗಿದ್ದವು. ರಾಜವಿರಾಜ್ ಪುರಸಭೆ ಮತ್ತು ಧನುಷಾ ಜಿಲ್ಲೆಯ ಸ್ಥಳೀಯ ಸಂಸ್ಥೆ ನೇಪಾಳಿಯ ಜೊತೆಗೆ ಮೈಥಿಲಿಯನ್ನೂ ಕಚೇರಿ ಭಾಷೆಯಾಗಿ ಬಳಸಲು ನಿರ್ಧರಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ 1999ರ ಜೂನ್‌ನಲ್ಲಿ ಸಂವಿಧಾನಬಾಹಿರವೆಂದು ರದ್ದು ಮಾಡಿತು. 2000ದಲ್ಲಿ ಸಂಸತ್ತು ಹಣಕಾಸು ಮಸೂದೆಯ ರೂಪದಲ್ಲಿ ಅಂಗೀಕರಿಸಿದ ಪೌರತ್ವ ತಿದ್ದುಪಡಿಯನ್ನು ರಾಜ ಬೀರೇಂದ್ರ ಅವರು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳಿಸಿದರು, ಅದೂ ಅಲ್ಲಿಗೇ ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಿಂದಿ ಚಿತ್ರನಟನೊಬ್ಬ ನೇಪಾಳವನ್ನು ಹೀಯಾಳಿಸಿದನೆಂಬ ಸುಳ್ಳು ಸುದ್ದಿ ಹಬ್ಬಿ ಕಠ್ಮಂಡುವಿನಲ್ಲಿ ಗಲಭೆಯೆದ್ದಾಗ, ಏಟು ತಿಂದವರಲ್ಲಿ ಅಲ್ಲಿ ಹಣ್ಣು ತರಕಾರಿ ಮಾರುತ್ತಿದ್ದ ನೇಪಾಳದ್ದೇ ಮಧೇಶಿಗಳೂ ಇದ್ದರು. 2002ರ ಜನವರಿ 23ರಂದು ಗಜೇಂದ್ರ ನಾರಾಯಣ ಸಿಂಗ್ ಅವರು ತೀರಿಕೊಂಡರು. ಮಾವೋವಾದಿ ಯುದ್ಧದ ನಡುವೆ ದೇಶದಲ್ಲಿ ಆಗ ತುರ್ತು ಪರಿಸ್ಥಿತಿ ಇತ್ತು.

ಅವರ ಪಕ್ಷ ಅವರ ನಂತರ ಹೆಚ್ಚು ದಿನ ಒಟ್ಟಾಗಿ ಉಳಿಯಲಿಲ್ಲ. 2002ರ ಅಕ್ಟೋಬರಿನಲ್ಲಿ ರಾಜ ಜ್ಞಾನೇಂದ್ರ ಅವರು ಚುನಾಯಿತ ಸರ್ಕಾರವನ್ನು ತೆಗೆದು ಹಾಕಿ ನೇಮಿಸಿದ ಸಂಪುಟದಲ್ಲಿ ಪಕ್ಷದ ಬದ್ರಿ ಪ್ರಸಾದ್ ಮಂಡಲ್ ಅವರು ಉಪ ಪ್ರಧಾನಿಯಾದರು. ಅದನ್ನು ಒಪ್ಪದವರು 2003ರಲ್ಲಿ ಗಜೇಂದ್ರ ಅವರ ಪತ್ನಿ ಆನಂದಿ ದೇವಿ ಸಿಂಗ್ ಅವರ ಹಿಂದೆ ನಿಂತರು, ರಾಜನ ವಿರುದ್ಧದ ಏಳು ಪಕ್ಷಗಳ ಒಕ್ಕೂಟದಲ್ಲಿ ಸೇರಿ 2006ರ ಜನಾಂದೋಲನದಲ್ಲಿ ಪಾಲ್ಗೊಂಡರು. ಆ ಆಂದೋಲನದ ಗೆಲುವಿನ ನಂತರ ಬಂದ 2006ರ ಪೌರತ್ವ ಕಾಯ್ದೆ, 1990ರ ಏಪ್ರಿಲ್ ಮಧ್ಯಭಾಗಕ್ಕೆ ಮೊದಲು ನೇಪಾಳದಲ್ಲಿ ಹುಟ್ಟಿ ಅಲ್ಲೇ ನೆಲೆಸಿದವರಿಗೆ ಹುಟ್ಟಿನ ಆಧಾರದ ಮೇಲೆ ಪೌರತ್ವ ಪಡೆಯಲು ಅವಕಾಶ ಕೊಟ್ಟಿತು. ಅಧಿಕಾರಿಗಳ ತಂಡಗಳು ಹಳ್ಳಿಗಳಿಗೇ ಹೋಗಿ ಕೆಲವೇ ತಿಂಗಳಲ್ಲಿ ಸುಮಾರು 26 ಲಕ್ಷ ಪ್ರಮಾಣಪತ್ರ ಹಂಚಿದವು.

ಆದರೂ 2007ರ ಜನವರಿಯಲ್ಲಿ ಜಾರಿಗೆ ಬಂದ ಮಧ್ಯಂತರ ಸಂವಿಧಾನದಲ್ಲಿ ಸಂಯುಕ್ತ ರಾಜ್ಯದ ಮಾತಿರಲಿಲ್ಲ, ಕ್ಷೇತ್ರಗಳ ಹಂಚಿಕೆಯೂ ಹಳೆಯ ರೀತಿಯಲ್ಲೇ ಇತ್ತು. ಉಪೇಂದ್ರ ಯಾದವ್ ಅವರ ನೇತೃತ್ವದ ಮಧೇಶಿ ಜನಾಧಿಕಾರ ಫೋರಂ ಅದರ ಪ್ರತಿಗಳನ್ನು ಸುಟ್ಟಿತು. ಮೂರು ದಿನಗಳ ನಂತರ ಸಪ್ತರಿಯ ನೆರೆಯ ಸಿರಾಹಾ ಜಿಲ್ಲೆಯ ಲಹಾನ್‌ನಲ್ಲಿ ರಮೇಶ್ ಮಹತೋ ಎಂಬ ತರುಣ ಮಾವೋವಾದಿಯೊಬ್ಬನ ಗುಂಡಿಗೆ ಬಲಿಯಾದ, ಬಯಲು ಹೊತ್ತಿ ಉರಿಯಿತು. ಕೆಲವೇ ವಾರಗಳಲ್ಲಿ ಸರ್ಕಾರ ಸಂಯುಕ್ತ ರಾಜ್ಯ ವ್ಯವಸ್ಥೆಯನ್ನೂ ಕ್ಷೇತ್ರಗಳ ಮರುವಿಂಗಡಣೆಯನ್ನೂ ಒಪ್ಪಿ ಮಧ್ಯಂತರ ಸಂವಿಧಾನವನ್ನು ತಿದ್ದಿತು. ಕ್ಷೇತ್ರಗಳು 205ರಿಂದ 240ಕ್ಕೆ ಏರಿದವು, ಹೆಚ್ಚಿದವುಗಳಲ್ಲಿ ಬಹುಪಾಲು ಬಯಲಿಗೆ ಬಂದವು. ಅದೇ ವರ್ಷ ನಾಗರಿಕ ಸೇವೆಯ ಮೀಸಲು ಹುದ್ದೆಗಳಲ್ಲಿ ಮಧೇಶಿಗಳಿಗೆ ಶೇ. 22 ನಿಗದಿಯಾಯಿತು. ಇಪ್ಪತ್ತು ವರ್ಷ ಸಭೆಯಲ್ಲಿ ಮಾತನಾಡಿ ಸಿಗದಿದ್ದುದು ಬೀದಿಯ ಕೆಲವು ವಾರಗಳಲ್ಲಿ ಸಿಕ್ಕಿತು, ಅದಕ್ಕಾಗಿ ಹತ್ತಾರು ಜನ ಪ್ರಾಣ ತೆತ್ತರು. ಬೀದಿಗಿಳಿದವರ ಕೈಯಲ್ಲಿದ್ದ ಬೇಡಿಕೆಗಳ ಪಟ್ಟಿ ಮಾತ್ರ ಹೊಸದಾಗಿರಲಿಲ್ಲ. ಅದನ್ನು ಬರೆದು, ಒಂದೂವರೆ ದಶಕ ಕಾಲ ನಗೆಪಾಟಲಿಗೆ ಗುರಿಯಾಗುತ್ತಲೇ ಸಭೆಯಲ್ಲಿ ಓದಿ, ಜನರ ಬಾಯಲ್ಲಿ ನಿಲ್ಲಿಸಿದವರು ಗಜೇಂದ್ರ ನಾರಾಯಣ ಸಿಂಗ್.

ಫಲ ಉಂಡವರು ಬೇರೆಯವರು. 2008ರ ಸಂವಿಧಾನ ಸಭೆಯ ಚುನಾವಣೆಯಲ್ಲಿ ಒಟ್ಟು 601 ಸ್ಥಾನಗಳ ಸಭೆಯಲ್ಲಿ ಉಪೇಂದ್ರ ಯಾದವ್ ಅವರ ಫೋರಂ 52 ಸ್ಥಾನ ಪಡೆಯಿತು. ನೇಪಾಳಿ ಕಾಂಗ್ರೆಸ್ಸಿನಲ್ಲಿ ದಶಕಗಳನ್ನು ಕಳೆದು, ಗಜೇಂದ್ರ ಅವರಂತೆಯೇ ನಂಬಿಕೆ ಕಳೆದುಕೊಂಡು 2007ರ ಡಿಸೆಂಬರಿನಲ್ಲಿ ಹೊರಬಂದ ಮಹಂತ ಠಾಕುರ್ ಅವರ ತರಾಯಿ ಮಧೇಶ ಲೋಕತಾಂತ್ರಿಕ ಪಕ್ಷ 20 ಪಡೆಯಿತು. ಸದ್ಭಾವನಾ ಪಕ್ಷದಿಂದ ಒಡೆದುಬಂದ ರಾಜೇಂದ್ರ ಮಹತೋ ಅವರ ಬಣ ಒಂಬತ್ತು ಗೆದ್ದರೆ, ಆನಂದಿ ದೇವಿ ಅವರ ಹೆಸರಿನ ಬಣಕ್ಕೆ ದಕ್ಕಿದ್ದು ಎರಡು. ಒಡೆಯುವುದು, ಸೇರುವುದು, ಮತ್ತೆ ಒಡೆಯುವುದು ಮಧೇಶಿ ಪಕ್ಷಗಳಿಗೆ ಅಲ್ಲಿಂದೀಚೆಗೆ ರೂಢಿಯಾಗಿಬಿಟ್ಟಿದೆ. ಅದರ ಪೂರ್ಣ ಚರಿತ್ರೆ ಹೇಳಹೊರಟರೆ ಇನ್ನೊಂದು ಲೇಖನವಾದೀತು.

2015ರ ಸಂವಿಧಾನ ನೇಪಾಳವನ್ನು ಏಳು ಪ್ರಾಂತಗಳಾಗಿ ವಿಂಗಡಿಸಿತು. ಸಪ್ತರಿಯಿಂದ ಪರ್ಸಾದವರೆಗಿನ ಎಂಟು ಜಿಲ್ಲೆಗಳ ಪ್ರಾಂತಕ್ಕೆ ಜನಕಪುರ ರಾಜಧಾನಿಯಾಯಿತು, 2022ರ ಜನವರಿಯಲ್ಲಿ ಅದಕ್ಕೆ ಮಧೇಶ ಪ್ರಾಂತವೆಂಬ ಹೆಸರು ಬಂತು. ಬಯಲಿನ ಉಳಿದ ಜಿಲ್ಲೆಗಳು ಬೆಟ್ಟದ ಜಿಲ್ಲೆಗಳೊಡನೆ ಬೇರೆ ಪ್ರಾಂತಗಳಲ್ಲಿ ಉಳಿದವು. ಪ್ರಾಂತಗಳ ಗಡಿರೇಖೆಯ ಈ ವಿವಾದದಿಂದಲೇ 2015ರಲ್ಲಿ ಮತ್ತೆ ತಿಂಗಳುಗಟ್ಟಲೆ ಚಳವಳಿ, ಭಾರತದ ಗಡಿಯಲ್ಲಿ ಸರಕು ತಡೆ ನಡೆದವು. ಪೌರತ್ವದ ಗಂಟೂ ಪೂರ್ತಿ ಬಿಚ್ಚಿಕೊಂಡಿಲ್ಲ. ಹುಟ್ಟಿನ ಆಧಾರದಲ್ಲಿ ಪೌರತ್ವ ಪಡೆದವರ ಮಕ್ಕಳಿಗೆ ವಂಶಪಾರಂಪರ್ಯದ ಪೌರತ್ವ ಕೊಡುವ ತಿದ್ದುಪಡಿ ಮಸೂದೆಗೆ ಒಬ್ಬ ರಾಷ್ಟ್ರಪತಿ ಸಹಿ ಹಾಕಲು ನಿರಾಕರಿಸಿ, ಮುಂದಿನ ರಾಷ್ಟ್ರಪತಿ ರಾಮಚಂದ್ರ ಪೌಡೆಲ್ ಅವರು 2023ರ ಮೇ ತಿಂಗಳಲ್ಲಿ ಅಂಕಿತ ಹಾಕಿದರು. ವಿದೇಶಿ ಗಂಡನನ್ನು ಮದುವೆಯಾದ ನೇಪಾಳಿ ಮಹಿಳೆಯ ಮಕ್ಕಳಿಗೆ ಮಾತ್ರ, ವಿದೇಶಿ ಹೆಂಡತಿಯುಳ್ಳ ನೇಪಾಳಿ ಪುರುಷನ ಮಕ್ಕಳಿಗಿರುವ ವಂಶಪಾರಂಪರ್ಯದ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ; ಅವರು ಅಂಗೀಕೃತ ಪೌರತ್ವಕ್ಕಾಗಿ ಅರ್ಜಿ ಹಾಕಬೇಕು, ಆ ಬಗೆಯ ಪೌರತ್ವ ಇರುವವರು ರಾಷ್ಟ್ರಪತಿ, ಪ್ರಧಾನಿ, ಪ್ರಾಂತದ ಮುಖ್ಯಮಂತ್ರಿಯಂತಹ ಸ್ಥಾನಗಳಿಗೆ ಏರುವಂತಿಲ್ಲ. ಗಡಿಯಾಚೆಗೆ ಹೆಣ್ಣು ಕೊಟ್ಟು ತರುವ ಸಪ್ತರಿಯಂತಹ ಜಿಲ್ಲೆಗಳಲ್ಲಿ ಈ ನಿಯಮ ಮುಟ್ಟದ ಊರುಗಳು ಕಡಿಮೆ.